ಕಣದಲ್ಲಿ ಬೇಡವೆಂದ ಕಾಳು

ಹಾಡಲು ಹೋದದ್ದು ತಪ್ಪಲ್ಲ. ಅಂದು ಆಫೀಸಿನ ಮೇಜಿನ ಮುಂದೆ ನಿಂತು ಹೇಳಿದ ಮಾತು ಇದು, ಇಂದಿಗೂ ಬದಲಿಸುವುದಿಲ್ಲ. ತಪ್ಪು ನಡೆದದ್ದು ಬೇರೆ ಕಡೆ, ಅದು ನನ್ನದು. ಒಬ್ಬ ಮನುಷ್ಯನ ತಲೆಯ ಮೇಲೆ ಎತ್ತಿದ ದೊಣ್ಣೆ ಎಷ್ಟು ಹೊತ್ತು ಗಾಳಿಯಲ್ಲಿ ನಿಂತಿತ್ತು ಎಂದು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಯಾರೋ ಮಾತಾಡುತ್ತಿರುವಾಗ ಮಧ್ಯದಲ್ಲಿ. ಒಮ್ಮೊಮ್ಮೆ ನನ್ನ ನೆನಪಿನಲ್ಲಿ ಅದು ಇಳಿದೇಬಿಡುತ್ತದೆ.

ಐವತ್ತರ ದಶಕದ ಕೊನೆಯ ಮಾತು. ಬಿ.ಎ. ಮುಗಿಸಿ ಸೊರಬದ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದರು. ಅಲ್ಲಿನ ಕ್ಯಾಂಪಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಹಾಜರಿ ಹಾಕುವುದು, ಕಾಗದ ಬರೆಯುವುದು. ಕೆಲಸಗಾರರೆಲ್ಲ ದೂರದವರು. ಕಲ್ಲು ಕೆತ್ತುವವರು ತಮಿಳರು, ಗಾರೆ ಹೊರುವವರು ತೆಲುಗರು, ಬಡಗಿ ಮಂಗಳೂರಿನ ಕೊಂಕಣಿಯವನು, ರೋಲರ್ ಓಡಿಸುತ್ತಿದ್ದವನು ಮಲಯಾಳಿ. ಅವರಲ್ಲಿ ಮೂವತ್ತು ಜನರಾದರೂ ಕ್ರೈಸ್ತರು. ಇಗರ್ಜಿಗೆ ಹೋಗಬೇಕೆಂದರೆ ಶಿವಮೊಗ್ಗದ ಬಸ್ಸು ಹಿಡಿಯಬೇಕು, ರಜೆಯಿಲ್ಲ. ಆದ್ದರಿಂದ ಆ ವರ್ಷದ ಕ್ರಿಸ್ಮಸ್ಸನ್ನು ಕ್ಯಾಂಪಿನಲ್ಲೇ ಮಾಡುವುದೆಂದು ನಿರ್ಧರಿಸಿದರು.

ನಿರ್ಧರಿಸಿದ ಮೇಲೆ ಜಗಳ ಶುರುವಾಯಿತು. ರೋಲರ್ ಡ್ರೈವರ್ ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಆಳೆತ್ತರದ ನಕ್ಷತ್ರ ಕಟ್ಟಿದ. ನಕ್ಷತ್ರವಿಲ್ಲದೆ ಹಬ್ಬವೇ ಇಲ್ಲ ಎಂದು ಅವನ ವಾದ. ಬಡಗಿಗೆ ಅದು ಮಕ್ಕಳಾಟ. ಮನೆಯಿಂದ ಡಬ್ಬಿಯಲ್ಲಿ ಬಂದ ತಿಂಡಿ ತಟ್ಟೆಗೆ ಹಾಕಿ ಅಕ್ಕಪಕ್ಕದವರಿಗೆ ಹಂಚಿದರೇನೇ ಅವನಿಗೆ ಹಬ್ಬ. ಕಲ್ಲು ಮೇಸ್ತ್ರಿ ಮಾತ್ರ ಡೋಲಕ್ಕಿನ ಚರ್ಮ ಬಿಸಿಲಿಗಿಟ್ಟು, "ಹೊಸ ಬಟ್ಟೆ, ಹಾಡು. ಬೇರೆ ಏನು ಬೇಕು?" ಎನ್ನುತ್ತಿದ್ದ.

ಹಾಡಿಕೊಂಡು ಪಕ್ಕದ ಹಳ್ಳಿಗೆ ಹೋಗೋಣವೆಂದು ಹೇಳಿದವನೂ ಅವನೇ. ಆಗ ಇನ್ನೊಂದು ತಕರಾರು: ಮನೆ ಬಾಗಿಲಲ್ಲಿ ನಿಂತು ಏನೆಂದು ಶುಭ ಕೋರುವುದು?

"ವಾಳ್ತುಕ್ಕಳ್ ಅಂದ್ರೆ ಮುಗೀತು" ಎಂದ ಮೇಸ್ತ್ರಿ.

"ಎಂಥ ಮಾರಾಯ್ರೆ, ಅವರಿಗೆ ಅರ್ಥ ಆಗುವುದುಂಟಾ? ನತಾಲಾಂ ಫೆಸ್ತಾಚೆ ಉಲ್ಲಾಸ್ ಅಂತ ಹೇಳುವ" ಎಂದ ಬಡಗಿ.

"ಅದು ಮಾತ್ರ ಅರ್ಥ ಆಗುತ್ತಾ! ಮಂಗಳಂಙಳ್ ಅನ್ನೋಣ. ಮಂಗಳ ಎಲ್ಲರಿಗೂ ಗೊತ್ತು" ಎಂದ ಡ್ರೈವರ್.

ಮೂವರೂ ನನ್ನ ಕಡೆ ತಿರುಗಿದರು. "ರೈಟರ್ ಸಾರ್, ನಿಮ್ಮ ಜನ ಹಬ್ಬದ ದಿನ ಎದುರಿಗೆ ಸಿಕ್ಕರೆ ಏನಂತಾರೆ?"

ನಾನು ಯೋಚಿಸಿದೆ. ನಮ್ಮ ಕಡೆ ಯಾರೂ ಏನೂ ಕೋರುತ್ತಿರಲಿಲ್ಲ. "ಊಟ ಆತೇನ್ರೀ ಅಂತಾರೆ" ಎಂದೆ.

ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಎಲ್ಲರೂ ಅದಕ್ಕೇ ಒಪ್ಪಿದರು. ಹಾಡಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟವನು ನಾನೇ.

ಹೋಗಲು ಸೂಪರ್‌ವೈಸರ್ ಅನುಮತಿ ಕೊಟ್ಟರು, ಒಂದು ಷರತ್ತಿನ ಮೇಲೆ. "ಹಳ್ಳಿಯವರ ಹತ್ರ ಏನೂ ತಗೋಬಾರದು. ಒಂದು ಅಡಿಕೆ ಚೂರು ಮುಟ್ಟಿದ್ರೂ ಅಷ್ಟೇ. ಕ್ಯಾಂಪಿನೋರು ಭಿಕ್ಷೆಗೆ ಬಂದಿದ್ರು ಅಂತ ನಾಳೆ ಸಂತೇಲಿ ಮಾತಾಗಬಾರದು." ಮೇಸ್ತ್ರಿ ಎರಡು ಸಲ ತಲೆಯಾಡಿಸಿದ.

ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ, ಹೊತ್ತು ಇಳಿಯುವಾಗ ಹೊರಟೆವು. ಭತ್ತದ ಒಕ್ಕಲಿನ ಕಾಲ. ಊರಿನ ಹೊರಗೇ ಒಂದು ಕಣ ಸಿಕ್ಕಿತು. ಆಗಷ್ಟೇ ರಾಶಿ ಮಾಡಿ, ಅದರ ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ಹೂವಿಟ್ಟು ಪೂಜೆ ಮುಗಿಸಿದ್ದರು. ನಮ್ಮವರು ಚಪ್ಪಲಿ ಹೊರಗೇ ಬಿಟ್ಟರು. ಮೇಸ್ತ್ರಿ ಡೋಲಕ್ ಬಡಿದ, ಹೆಂಗಸರು ದನಿಗೂಡಿಸಿದರು. ಕಣದ ಯಜಮಾನರು, ಬಿಳಿಮೀಸೆಯವರು, ಹಣೆಯ ತುಂಬ ವಿಭೂತಿ, ಕೈಕಟ್ಟಿಕೊಂಡು ಪೂರಾ ಕೇಳಿದರು. ಹಾಡು ಮುಗಿದದ್ದೇ ಮೇಸ್ತ್ರಿ ಗಂಭೀರವಾಗಿ, "ಊಟ ಆತೇನ್ರೀ?" ಎಂದ.

ಕಣಕ್ಕೆ ಕಣವೇ ನಕ್ಕಿತು. "ರಾಶಿ ಹೊತ್ತಿಗೆ ಹಾಡೋರು ಬಂದ್ರಲ್ಲೋ, ಚಲೋ ಶಕುನ!" ಎಂದ ಯಜಮಾನರು ಮೊರದ ತುಂಬ ಭತ್ತ ಮೊಗೆದು ಮೇಸ್ತ್ರಿಯ ಮುಂದೆ ಹಿಡಿದರು. "ವಸ್ತ್ರ ಒಡ್ಡ್ರೀ."

ಸೊರಬದ ರೈತನ ಮಗ ನಾನು. ರಾಶಿಯ ದಿನ ಕಣಕ್ಕೆ ಬಂದವರು ಯಾರೇ ಆಗಲಿ, ಕಾಳು ತೆಗೆದುಕೊಳ್ಳದೆ ಹೋಗಬಾರದು. ಬೇಡವೆಂದರೆ ಆ ರಾಶಿಗೆ ಕೇಡು ಬಯಸಿದ ಹಾಗೆ. ಈ ಸಂಗತಿ ನನಗೆ ನಡೆಯಲು ಕಲಿತಾಗಿನಿಂದ ಗೊತ್ತು. ಸೂಪರ್‌ವೈಸರ್ ಷರತ್ತು ಹಾಕಿದಾಗಲೇ ಗೊತ್ತಿತ್ತು. ಆಗ ಬಾಯಿ ಬಿಡಲಿಲ್ಲ. ಓದಿದವನು, ಸಾಹೇಬರಿಗೆ ಕಣದ ಶಾಸ್ತ್ರ ಹೇಳಲು ನಾಚಿಕೆ. ಈಗಲೂ ಬಿಡಲಿಲ್ಲ.

"ಬ್ಯಾಡ ಸಾಮಿ" ಎಂದ ಮೇಸ್ತ್ರಿ, ಕೈ ಮುಗಿದು. "ನಾವ್ ತಗೊಳ್ಳಕೂಡದು."

"ತಗೋರೀ, ನಾಚ್ಕೋಬ್ಯಾಡ್ರಿ."

"ಬ್ಯಾಡ, ಬ್ಯಾಡ." ಅವನು ಮೊರದ ಅಂಚನ್ನು ಮೆಲ್ಲಗೆ, ಮರ್ಯಾದೆಯಿಂದಲೇ ಹಿಂದಕ್ಕೆ ಸರಿಸಿದ. ಮೊರ ವಾಲಿತು. ಭತ್ತ ನೆಲಕ್ಕೆ ಸುರಿಯಿತು.

ನಗು ನಿಂತಿತು.

"ಕಣಕ್ಕೆ ಬಂದು ಕಾಳು ಬ್ಯಾಡ ಅಂತಾನಲ್ಲಪ್ಪೋ!" ಎಂದ ಯಜಮಾನರ ಮಗ. "ಯಾವನೋ ನಿನ್ನ ಕಳ್ಸಿದೋನು? ನಮ್ಮ ರಾಶಿ ಮ್ಯಾಲೆ ಮಣ್ಣು ಹಾಕಾಕೆ ಬಂದೀಯೇನು?" ಅವನ ಕೈಯಲ್ಲಿ ಹುಲ್ಲು ಬಡಿಯುವ ದೊಣ್ಣೆಯಿತ್ತು. ಇನ್ನಿಬ್ಬರು ದಾರಿಗೆ ಅಡ್ಡ ನಿಂತರು. ಯಾರೋ ಡೋಲಕ್ ಕಿತ್ತುಕೊಂಡರು, ಅದು ಒಡೆದ ಸದ್ದಾಯಿತು. ದೊಣ್ಣೆ ಮೇಲೆದ್ದಿತು.

ಆ ಹೊತ್ತನ್ನೇ ನಾನು ಅಳೆಯುತ್ತಿರುವುದು. ಆ ಸೀಮೆಯ ಮಾತು, ರೀತಿ ಎರಡೂ ಬಲ್ಲವನು ನಾನೊಬ್ಬನೇ, ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮೇಸ್ತ್ರಿ ಓಡಲಿಲ್ಲ. ತಲೆ ತಗ್ಗಿಸಲೂ ಇಲ್ಲ. ತಾನು ಮಾಡಿದ್ದು ಏನೆಂದು ತಿಳಿಯದೆ ಮುಗಿದ ಕೈ ಮುಗಿದಂತೆಯೇ ದೊಣ್ಣೆಯನ್ನು ನೋಡುತ್ತಿದ್ದ.

ಅಷ್ಟರಲ್ಲಿ, ಹಾಡಲು ಬಂದಿದ್ದ ಮೇಸ್ತ್ರಿಯ ಹೆಂಡತಿ ನೆಲದ ಮೇಲೆ ಕೂತಳು. ಗಂಡನ ಕಾಲ ಬಳಿ ಚೆಲ್ಲಿದ್ದ ಭತ್ತವನ್ನು ಎರಡೂ ಕೈಯಿಂದ ಬಳಿಯತೊಡಗಿದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಷರತ್ತಿನ ಹಂಗೂ ಇರಲಿಲ್ಲ. ಕಾಳು ತುಳಿಯಬಾರದೆಂದು ಮಾತ್ರ ಗೊತ್ತಿತ್ತು. ಹಬ್ಬಕ್ಕೆಂದು ತಂದ ಹೊಸ ಸೀರೆಯ ಸೆರಗಿಗೆ ತುಂಬುತ್ತಾ, ಅಡ್ಡವಿದ್ದ ಯಜಮಾನರ ಮಗನ ಪಾದಕ್ಕೆ ಚಟ್ಟನೆ ಹೊಡೆದು, "ತಳ್ಳು" ಎಂದಳು, ತಮಿಳಿನಲ್ಲಿ ಆಚೆ ಸರಿ ಎಂದು. ಅವನು ಪಾದ ತೆಗೆದ. ಎತ್ತಿದ ದೊಣ್ಣೆ ಎತ್ತಿಯೇ ಇತ್ತು, ಪಾದ ಮಾತ್ರ ಸರಿಯಿತು.

ಆಗ ನನಗೆ ದನಿ ಬಂತು. "ಹೊಡೀಬ್ಯಾಡ್ರಿ! ತಪ್ಪು ನಂದು. ತಗೋಬ್ಯಾಡ ಅಂತ ಕ್ಯಾಂಪಿನಾಗೆ ಹೇಳಿ ಕಳ್ಸಿದಾರೆ. ಅವ್ರಿಗೆ ಕಣದ ರೀತಿ ಗೊತ್ತಿಲ್ಲ. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ."

"ನಿಮ್ಮದು ಯಾವೂರ್ರೀ?" ಎಂದರು ಯಜಮಾನರು.

"ಸೊರಬದ ಕಡೆ."

"ಮತ್ತೆ ಬಾಯಾಗೇನು ಅವಲಕ್ಕಿ ಇಟ್ಕಂಡಿದ್ರಾ?" ಎಂದವರು ಮಗನ ಕೈಯಿಂದ ದೊಣ್ಣೆ ಕಸಿದರು. ಮೊರ ಮತ್ತೆ ತುಂಬಿಸಿದರು. ಈ ಸಲ ನಾನು ಮೇಸ್ತ್ರಿಯ ಕಿವಿಯಲ್ಲಿ ಹೇಳಿದೆ. ಅವನು ಹೆಗಲ ವಸ್ತ್ರ ಒಡ್ಡಿದ. "ಹುಲುಸಾಗ್ಲಿ ಅನ್ರೀ" ಎಂದರು ಯಜಮಾನರು. ಮೂವತ್ತು ಜನ, ನಾಲ್ಕು ಭಾಷೆಯ ನಾಲಿಗೆಯಲ್ಲಿ, ರಾಶಿ ಹುಲುಸಾಗಲಿ ಎಂದರು. ದಾರಿ ಬಿಟ್ಟರು.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಕರೆಸಿದರು. ಸುದ್ದಿ ಆಗಲೇ ಶಿಕಾರಿಪುರದ ಹೋಟೆಲುಗಳವರೆಗೆ ಹೋಗಿತ್ತು.

"ಬರೀರಿ ರೈಟರೇ. ಕಲ್ಲು ಮೇಸ್ತ್ರಿ ನನ್ನ ಮಾತು ಮೀರಿ ಧಾನ್ಯ ತಗೊಂಡ, ಗಲಾಟೆ ಎಬ್ಬಿಸಿದ. ಕೆಳಗೆ ನೀವು ಕಣ್ಣಾರೆ ಕಂಡಿದ್ದು ಅಂತ ಸಹಿ ಹಾಕಿ. ಕಂಟ್ರಾಕ್ಟರ್ ಕೇಳಿದ್ರೆ ನನ್ನ ಕೈಯಲ್ಲಿ ಒಂದು ಹೆಸರು ಇರ್ಬೇಕು."

"ಅವನನ್ನು ಕಳಿಸಿಬಿಡ್ತೀರಾ ಸಾರ್?"

"ನಾಳೆ ಹಬ್ಬ ಮುಗಿಸ್ಕೊಂಡೇ ಹೋಗ್ಲಿ."

ನಾನು ಬರೆದೆ. ಅವರು ಹೇಳಿದ್ದನ್ನಲ್ಲ, ನಡೆದದ್ದನ್ನು. ಅನುಮತಿ ಪಡೆದೇ ಹಾಡಲು ಹೋದೆವು. ಮೇಸ್ತ್ರಿ ಅಪ್ಪಣೆಯಂತೆ ಕಾಳು ಬೇಡವೆಂದ. ಗಲಾಟೆಯಾದದ್ದು ಆ ಅಪ್ಪಣೆಯಿಂದ. ಈ ಸೀಮೆಯವನಾದ ನಾನು ತಿಳಿದೂ ಸುಮ್ಮನಿದ್ದೆ. ಕಾಳು ತೆಗೆದುಕೊಂಡದ್ದು ನನ್ನ ಮಾತಿನ ಮೇಲೆ. ಅವರು ಓದಿ ಹರಿದರು. ಅದನ್ನೇ ಮತ್ತೆ ಬರೆದೆ. ಮತ್ತೆ ಹರಿದರು. ಮೂರನೆಯದನ್ನು ಬರೆದು, ಕೆಳಗೆ ನನ್ನ ಹೆಸರು ಹಾಕಿ ಅವರ ಮುಂದಿಟ್ಟೆ.

"ಹೆಸರು ಬೇಕು ಅಂದ್ರಲ್ಲ ಸಾರ್, ಕೆಳಗಿದೆ ನೋಡಿ" ಎಂದೆ. "ಹಾಡೋಕೆ ಹೋಗಿದ್ದು ತಪ್ಪಲ್ಲ. ನಾಳೆ ಇಲ್ಲೇ, ಈ ಆಫೀಸಿನ ಮುಂದೇ ಹಾಡ್ತಾರೆ."

ಹಾಡಿದರು. ಒಡೆದ ಡೋಲಕ್ಕಿನ ಬದಲು ಮೇಸ್ತ್ರಿ ಗಾರೆಯ ಬಾಣಲಿ ಬಡಿದ. ಅವನಿಗೆ ಏನೂ ಆಗಲಿಲ್ಲ. ಸೇತುವೆ ಮುಗಿಯುವವರೆಗೂ ಅಲ್ಲೇ ಇದ್ದ. ಜನವರಿಯಲ್ಲಿ ನನ್ನನ್ನು ಕಳಿಸಿದರು.

ಟ್ರಂಕು ಹೊತ್ತು ಸೊರಬದ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಎಲ್ಲ ಕೇಳಿದ ಮೇಲೂ ಕೈ ನಿಲ್ಲಿಸಲಿಲ್ಲ.

"ಕಣದಲ್ಲಿ ಮಾತಾಡ್ಬೇಕಾದಾಗ ಸುಮ್ಮನಿದ್ದೆ. ಆಫೀಸಲ್ಲಿ ಸುಮ್ಮನಿರ್ಬೇಕಾದಾಗ ಮಾತಾಡ್ದೆ. ಬಿ.ಎ. ಓದಿಸಿದ್ದು ಇದಕ್ಕಾ ಮಾರಾಯ?"

"ಸುಮ್ಮನಿದ್ದದ್ದಕ್ಕೆ ಬೈಯಿರಿ ಅಪ್ಪಯ್ಯ, ತಲೆ ಬಗ್ಗಿಸ್ತೀನಿ" ಎಂದೆ. "ಮಾತಾಡಿದ್ದಕ್ಕೆ ಬೈದರೆ ಬಗ್ಗಿಸೋದಿಲ್ಲ."

ಅಪ್ಪ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕಡೆ ಎಸೆದರು. "ಬಿಗಿಯಾಗಿ ಹಿಡ್ಕೋ" ಎಂದರು.