ಸಕ್ಕರೆ ಆರತಿಗೆ ಹೋದ ಬಿಸ್ಕಿಟ್ಟು

ದೀಪಾವಳಿಗೆ ಎರಡು ದಿನ ಇರುವಾಗ ಕಡಗಂಚಿಯಿಂದ ಬಂದ ಬಸ್ಸಿನ ಕಂಡಕ್ಟರ್ ಒಂದು ಡಬ್ಬಿ ಕೊಟ್ಟು ಹೋದ. ಕಳಿಸಿದವಳು ನನ್ನ ಅಕ್ಕನ ಮಗಳು ರೂಪಾ. ಮದುವೆಯಾಗಿ ಅಲ್ಲೇ ಇದ್ದಾಳೆ. ಅಲ್ಲಿಯ ವಿಶ್ವವಿದ್ಯಾಲಯದವರಿಗೆ ಹಬ್ಬ-ಹುಟ್ಟುಹಬ್ಬಕ್ಕೆ ಬಿಸ್ಕಿಟ್ಟು ಮಾಡಿಕೊಡುತ್ತಾಳೆ. ಅವಳು ಅದನ್ನು ಕುಕ್ಕಿ ಅನ್ನುತ್ತಾಳೆ. ಮೈದಾ, ಸಕ್ಕರೆ, ಬೆಣ್ಣೆ ಕಲಸಿ ಸುಟ್ಟದ್ದನ್ನು ನಮ್ಮ ಆಳಂದದಲ್ಲಿ ಬಿಸ್ಕಿಟ್ಟು ಅನ್ನುತ್ತಾರೆ. ಹೆಸರು ಬದಲಾದರೆ ರುಚಿ ಬದಲಾಗುತ್ತದೆ ಎಂದು ನಂಬುವವರ ವಾದವನ್ನು ನಾನು ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತು ವರ್ಷ ಕೇಳಿದ್ದೇನೆ.

ಮುಚ್ಚಳ ತೆಗೆದರೆ ವೆನಿಲ್ಲಾದ ವಾಸನೆ ಮೂಗಿಗೆ ಬಡಿಯಿತು. ಹನ್ನೆರಡು ಬಿಸ್ಕಿಟ್ಟು. ಒಂದು ಕನ್ನಡಕ, ಒಂದು ಪೆನ್ನು, ಮಡಚಿದ ಪತ್ರಿಕೆ, ಚಹಾದ ಕಪ್ಪು. ನಟ್ಟನಡುವೆ ಒಂದು ಬೋಳುತಲೆ, ಅದರ ಮೇಲೆ ಮೂರು ಕೂದಲು. ಥೀಮು ನಾನೇ ಎಂದು ತಿಳಿಯಲು ತನಿಖಾ ವರದಿ ಬೇಕಾಗಲಿಲ್ಲ.

ಇಂಥ ಬಿಸ್ಕಿಟ್ಟನ್ನು ನೀವೂ ನೋಡಿರುತ್ತೀರಿ. ಮೇಲೆ ಗೋಡೆಗೆ ಬಳಿದ ಸುಣ್ಣದ ಹಾಗೆ ಸಕ್ಕರೆಯ ಲೇಪ. ಅದಕ್ಕೆ ರಾಯಲ್ ಐಸಿಂಗ್ ಎಂಬ ಘನವಾದ ಹೆಸರು. ಕೊಟ್ಟವರು "ಎಷ್ಟು ಚಂದ ಅದ, ತಿನ್ನಾಕ ಮನಸ್ಸೇ ಬರಂಗಿಲ್ಲ" ಅನ್ನಿಸಿಕೊಳ್ಳಬೇಕು. ತೆಗೆದುಕೊಂಡವರು ಫೋಟೋ ತೆಗೆದು, ಇರುವೆ ಬರುವವರೆಗೆ ಇಟ್ಟು, ಆಮೇಲೆ ಎಸೆಯಬೇಕು. ತಿನ್ನಲಾಗದ ತಿಂಡಿ, ಓದಲಾಗದ ಪತ್ರಿಕೆ ಎರಡೂ ನನಗೆ ಒಂದೇ.

ಆದರೆ ಮುಚ್ಚಳದ ಮೇಲೆ ಅಂಟಿಸಿದ್ದ ಚೀಟಿ ನೋಡಿದಾಗ ನನ್ನ ವ್ಯಂಗ್ಯ ಅಲ್ಲಿಗೇ ನಿಂತಿತು. ದಪ್ಪ ಅಕ್ಷರದಲ್ಲಿ ಬರೆದಿದ್ದಳು: "ಇದರಲ್ಲಿ ತತ್ತಿ ಇಲ್ಲ."

ಏಳೆಂಟು ವರ್ಷದ ಹಿಂದಿನ ಮಾತು. ರೂಪಾಳ ಅಣ್ಣ ಬಸವರಾಜನಿಗೆ ಜೇವರ್ಗಿಯ ಶಿವಲೀಲಾ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಅವನಿಗೆ ಹೆಣ್ಣು ಗೊತ್ತಾಗಲು ಮೂರು ವರ್ಷ ಹಿಡಿದಿತ್ತು. ಒಂದು ಮನೆಯವರಿಗೆ ಅವನ ನೌಕರಿ ಸಣ್ಣದು, ಇನ್ನೊಂದು ಮನೆಯವರಿಗೆ ಅವನ ಎತ್ತರ ಸಣ್ಣದು. ಹೀಗಾಗಿ ಜೇವರ್ಗಿಯವರು ಹೂಂ ಅಂದ ಮೇಲೆ ನಮ್ಮಕ್ಕ ಗಟ್ಟಿಯಾಗಿ ಸೀನಲೂ ಹೆದರುತ್ತಿದ್ದಳು.

ನಮ್ಮ ಕಡೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಗೊತ್ತಾದ ಹೆಣ್ಣಿಗೆ ಸೀರೆ, ಹೂವು, ಸಕ್ಕರೆ ಆರತಿ ಒಯ್ಯಬೇಕು. ಸಕ್ಕರೆ ಆರತಿ ಅಂದರೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಆನೆ, ಗಿಳಿ, ಗೋಪುರದ ಗೊಂಬೆಗಳು. ಅವನ್ನು ಗೌರಿಯ ಮುಂದಿಟ್ಟು ಹುಡುಗಿ ಆರತಿ ಬೆಳಗುತ್ತಾಳೆ. ಹಳೆಯದೆಂದು ನಾನೇನೂ ಹೊಗಳುವುದಿಲ್ಲ. ಆ ಗೊಂಬೆ ಕಚ್ಚಿದವರ ಹಲ್ಲು ಗೊಂಬೆಯಲ್ಲೇ ಉಳಿಯುತ್ತದೆ. ಹಬ್ಬ ಮುಗಿದ ಮೇಲೆ ಆನೆಯನ್ನು ಒರಳಿಗೆ ಹಾಕಿ ಕುಟ್ಟಿ ಒಂದು ತಿಂಗಳು ಚಹಾ ಕುಡಿಯುವುದು ಪದ್ಧತಿ.

ಆ ವರ್ಷ ಅಕ್ಕನ ಮನೆಯ ಅಚ್ಚುಗಳು ಸೀಳಿ ಹೋಗಿದ್ದವು. ರೂಪಾ ಆಗ ಮೊಬೈಲಿನಲ್ಲಿ ವಿಡಿಯೋ ನೋಡಿ ಐಸಿಂಗ್ ಕಲಿಯುತ್ತಿದ್ದಳು.

"ಯವ್ವಾ, ಸಕ್ಕರಿ ಗೊಂಬಿ ಈಗ ಯಾರ್ ಒಯ್ತಾರಬೇ? ನಾ ಮಾಡ್ತೇನಿ ನೋಡು, ಜೇವರ್ಗಿಯವ್ರು ಬಾಯಿಮ್ಯಾಲ ಬೆರಳಿಡಬೇಕು."

"ಬೆರಳ ಇಡ್ಲಿ, ಕಲ್ಲ ಇಡ್ಲಿ, ಹುಡುಗಿ ಕೊಟ್ರ ಸಾಕು" ಅಂದಳು ಅಕ್ಕ.

ಹುಣ್ಣಿಮೆಯ ಹಿಂದಿನ ದಿನ ನಾನು ಕಲಬುರಗಿಯಿಂದ ಬಂದಾಗ ಅಡುಗೆಮನೆ ಬಣ್ಣದಂಗಡಿಯಾಗಿತ್ತು. ಹಾಲಿನ ಪಾಕೀಟನ್ನು ತೊಳೆದು, ಮೂಲೆ ಕತ್ತರಿಸಿ, ಅದರಲ್ಲಿ ಐಸಿಂಗ್ ತುಂಬಿ ರೂಪಾ ಹಿಂಡುತ್ತಿದ್ದಳು. ಮೊದಲು ಬಿಸ್ಕಿಟ್ಟಿನ ಅಂಚಿಗೆ ಗೆರೆ, ಅದು ಆರಿದ ಮೇಲೆ ಒಳಗೆ ತೆಳುವಾದ ಪಾಕ, ಗುಳ್ಳೆ ಎದ್ದರೆ ಸೂಜಿಯಿಂದ ಚುಚ್ಚುವುದು. ಆನೆ ಎಮ್ಮೆಯಂತಿತ್ತು. ಗಿಳಿಯ ಹಸಿರು ಹರಿದು ಪಕ್ಕದ ಬಿಸ್ಕಿಟ್ಟಿನ ತುಳಸಿಕಟ್ಟೆಗೆ ಸೇರಿತ್ತು. "ಈ ಎಮ್ಮಿ ಎಷ್ಟ್ ಲೀಟರ್ ಕೊಡ್ತದವ್ವ?" ಎಂದು ಕೇಳಿದೆ. ಅವಳು ತಲೆ ಎತ್ತದೆ, "ಮಾಮಾ, ನೀವು ಪೇಪರಿನ್ಯಾಗ ಬರೆದಿದ್ದು ತಿನ್ನಾಕೂ ಬರಂಗಿಲ್ಲ, ನೋಡಾಕೂ ಬರಂಗಿಲ್ಲ. ಸುಮ್ ಕುಂದರ್ರಿ" ಅಂದಳು.

ಬಿಸ್ಕಿಟ್ಟು ಸುಟ್ಟಿದ್ದು ಮೆಹಬೂಬಸಾಬರ ಭಟ್ಟಿಯಲ್ಲಿ. ನಮ್ಮೂರಲ್ಲಿ ಹಬ್ಬದ ಮೊದಲು ಮನೆಯವರೇ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯಲ್ಲಿ ಸುಡಿಸಿಕೊಂಡು ಬರುತ್ತಾರೆ. ತತ್ತಿ ಮುಟ್ಟದ ಮನೆಗಳಿಗೆಂದು ಸಾಬರು ಬೇರೆ ತಟ್ಟೆ ಇಟ್ಟಿದ್ದರು. ಗುರುತಿಗೆ ಅವುಗಳ ಅಂಚಿಗೆ ಒಂದು ಕಚ್ಚು. ಕಚ್ಚಿನ ತಟ್ಟೆಯಲ್ಲಿ ಕೇಕು ಸುಟ್ಟರೆ ಮಗನನ್ನೂ ಬಿಡದೆ ಬೈಯುತ್ತಿದ್ದರು.

ಹುಣ್ಣಿಮೆಯ ಬೆಳಿಗ್ಗೆ ತಟ್ಟೆ ಹಿಂತಿರುಗಿಸಲು ಹೋದೆ. ಸಾಬರು ತಟ್ಟೆ ಇಸಿದುಕೊಂಡು ದನಿ ತಗ್ಗಿಸಿದರು.

"ಸರ್ರ, ಒಂದ್ ಮಾತು. ನಿಮ್ಮ ಹುಡುಗಿ ನಿನ್ನೆ ನಮ್ಮಲ್ಲಿ ಆರು ತತ್ತಿ ಒಯ್ದಾಳ್ರಿ. ನಿಮ್ಮ ಅಕ್ಕನವರ ಮನ್ಯಾಗ ತತ್ತಿ ಯಾಕಂತ ನನಗ ಶಕ್ ಬಂತು. ಬಿಸ್ಕಿಟ್ ಮ್ಯಾಲಿನ ಬಿಳೀ ಅದರದೇ ಇರ್ತದ್ರಿ. ನಾ ನಿಮಗ ಕಚ್ಚಿನ ತಟ್ಟೆ ಕೊಟ್ಟಿದ್ದು ಎಲ್ಲಾ ಖಾಲಿ-ಪೀಲಿ ದಂಡ ಆತಲ್ರಿ?"

ಮನೆಗೆ ಬಂದು ರೂಪಾಳನ್ನು ಹಿತ್ತಲಿಗೆ ಕರೆದೆ.

"ಬಿಳೀದಷ್ಟ ಹಾಕೇನಿ ಮಾಮಾ. ಹಳದಿ ಎಲ್ಲಾ ಚೆಲ್ಲೇನಿ" ಅಂದಳು. ವಿಡಿಯೋದ ಹೆಂಗಸು ಹಾಗೇ ಮಾಡಿದ್ದಳಂತೆ. ಹಳದಿ ತೆಗೆದರೆ ತತ್ತಿ ತತ್ತಿಯಾಗಿ ಉಳಿಯುವುದಿಲ್ಲ ಎಂಬ ಶೋಧ ಇವಳದೇ.

"ಶಿವಲೀಲಾನ ಅಜ್ಜಿ, ಆ ಜೇವರ್ಗಿ ಆಯಿ, ದೀಕ್ಷಾ ತಗೊಂಡಾಕಿ. ತತ್ತಿ ತಿಂದೋರ ಮನಿ ನೀರೂ ಕುಡ್ಯಂಗಿಲ್ಲ, ಗೊತ್ತಿಲ್ಲೇನು?"

ಅವಳ ಮುಖದ ಬಣ್ಣ ಇಳಿಯಿತು. "ಈಗ ಏನ್ ಮಾಡೂದು?"

ಬಾಗಿಲಲ್ಲಿ ಕಾರು ನಿಂತಿತ್ತು. ಅಕ್ಕ ರೇಷ್ಮೆ ಸೀರೆ ಉಟ್ಟು ಮೂರನೆಯ ಸಲ ಹೂವು ಎಣಿಸುತ್ತಿದ್ದಳು. ನಾನು ತಣ್ಣಗೆ ಯೋಚಿಸಿದೆ. ಆ ಗುಣಕ್ಕೇ ನನಗೆ ಕಚೇರಿಯಲ್ಲಿ ಹೆಸರಿತ್ತು. ಗೊತ್ತಾಗದ ಸಂಗತಿ ಸುದ್ದಿಯಲ್ಲ. "ಯಾರ ಮುಂದೂ ಬಾಯಿ ಬಿಡಬ್ಯಾಡ" ಅಂದೆ. ಮೂವತ್ತು ವರ್ಷ ಬೇರೆಯವರು ಮುಚ್ಚಿಟ್ಟದ್ದನ್ನು ಬಿಚ್ಚಿಟ್ಟು ಸಂಬಳ ತಿಂದವನ ಮಾತು ಇದು.

ಜೇವರ್ಗಿಯಲ್ಲಿ ನಮಗೆ ಮೊದಲು ಚಹಾ ಬಂತು. ಸಿಹಿ ಸಾಲದೆಂದು ನಾನು ಇನ್ನೆರಡು ಚಮಚ ಸಕ್ಕರೆ ಹಾಕಿಸಿಕೊಂಡೆ. ಶಿವಲೀಲಾ ಹೊಸ ಸೀರೆಯುಟ್ಟು ಬಂದಳು. ನಮ್ಮ ಎಮ್ಮೆ, ಗಿಳಿ, ಗೋಪುರಗಳನ್ನು ಗೌರಿಯ ಮುಂದೆ ಇಟ್ಟು ಆರತಿ ಬೆಳಗಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ಮುಗಿಬಿದ್ದು ಫೋಟೋ ತೆಗೆದರು. ಆಮೇಲೆ ಆ ಮನೆಯ ಆಯಿ, ಶಿವಲೀಲಾಳ ಅಜ್ಜಿ, ತಟ್ಟೆ ಹಿಡಿದು ಹಿರಿಯನೆಂದು ಮೊದಲು ನನ್ನ ಬಳಿ ಬಂದರು.

"ನನಗ ಶುಗರ್ ಅದ್ರಿ ಆಯಿ" ಅಂದೆ.

ಆಯಿ ನನ್ನನ್ನೊಮ್ಮೆ ನೋಡಿದರು. "ಹೌದೇನ್ರಿ? ಹಂಗಾರ ನಾನೇ ತಗೋತೇನಿ" ಎಂದು ಒಂದು ಗೋಪುರ ಎತ್ತಿಕೊಂಡರು. ಬಿಳಿಯ ಶಿಖರ ಬಾಯಿಯ ಹತ್ತಿರ ಹೋಯಿತು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ತಿನ್ನಬ್ಯಾಡ್ರಿ ಆಯಿ!"

ರೂಪಾ ಎದ್ದು ನಿಂತಿದ್ದಳು. "ಅದರಾಗ ತತ್ತಿ ಅದ್ರಿ. ಬಿಳೀದು. ನಾ ತಿಳೀದ ಹಾಕೇನಿ."

ಬಾಗಿಲಲ್ಲಿದ್ದ ಫೋನುಗಳು ಕೆಳಗಿಳಿದವು. ಅಕ್ಕನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಉರುಳಿತು. ಶಿವಲೀಲಾಳ ಅಪ್ಪ ಬಸವರಾಜನ ಕಡೆ ನೋಡಿದ. ಅವನು ನೆಲ ನೋಡಿದ. ಆಯಿ ಗೋಪುರವನ್ನು ತಟ್ಟೆಯಲ್ಲಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು ಕೂತರು.

"ಯಾರ್ಯಾರಿಗೆ ಗೊತ್ತಿತ್ತು?"

"ನನಗೊಬ್ಬಾಕಿಗೇ" ಅಂದಳು ರೂಪಾ.

ನನ್ನ ಬಾಯಿ ತೆರೆಯಲಿಲ್ಲ. ಆ ಬಾಯಿ ಎಂಥ ಪತ್ರಿಕಾಗೋಷ್ಠಿಯಲ್ಲೂ ಮುಚ್ಚಿರಲಿಲ್ಲ.

ಆಯಿ ಮೊಮ್ಮಗಳನ್ನು ಕರೆದರು. "ಶಿವಲೀಲಾ, ಅಡಗಿಮನ್ಯಾಗಿನ ಸಕ್ಕರಿ ಡಬ್ಬಿ ತಗೊಂಬಾ. ಗೌರಿಗೆ ಸಕ್ಕರಿ ಬೇಕು, ಎಮ್ಮಿ ಅಲ್ಲ." ಗೌರಿಯ ಮುಂದೆ ಜಾಗ ಒರೆಸಿ, ತಟ್ಟೆಯಲ್ಲಿ ಬರೀ ಸಕ್ಕರೆ ಸುರಿದು ಎರಡನೆಯ ಸಲ ಆರತಿ ಮಾಡಿಸಿದರು. ಆ ಸಕ್ಕರೆಯನ್ನೇ ಒಂದು ಚಿಟಿಕೆ ರೂಪಾಳ ಬಾಯಿಗೆ ಹಾಕಿ, "ಖರೇ ಹೇಳೋ ಬಾಯಿ ಇರೋ ಮನಿಗೆ ನಮ್ಮ ಹುಡುಗಿ ಕೊಡ್ತೇವಿ" ಅಂದರು.

ಮದುವೆ ಆಯಿತು. ಶಿವಲೀಲಾ ಈಗ ಅಕ್ಕನ ಮನೆಯ ಸೊಸೆ, ಎರಡು ಮಕ್ಕಳ ತಾಯಿ. ಆಯಿ ಹೋದ ವರ್ಷ ತೀರಿಕೊಂಡರು. ತಪ್ಪು ಅಚ್ಚಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕಬೇಕೆಂದು ಹೊಸ ಹುಡುಗರಿಗೆ ಪಾಠ ಹೇಳಿದವನು ನಾನು. ನನ್ನದೊಂದು ತಿದ್ದುಪಡಿ ಮಾತ್ರ ಏಳೆಂಟು ವರ್ಷ ಬಾಕಿ ಉಳಿಯಿತು.

ಡಬ್ಬಿಯ ಮೇಲಿನ ಚೀಟಿಯನ್ನು ಎರಡು ಸಲ ಓದಿ, ಶಿವಲೀಲಾಳಿಗೆ ಫೋನ್ ಮಾಡಿದೆ.

"ಆವತ್ತು ನನಗೂ ಗೊತ್ತಿತ್ತವ್ವ. ಬಾಯಿ ಬಿಡಬ್ಯಾಡ ಅಂತ ರೂಪಾಗ ಹೇಳಿದಾವ ನಾನೇ."

ಆ ಕಡೆಯಿಂದ ನಗು ಕೇಳಿಸಿತು. "ಅದು ನಮಗ ಆವತ್ತೇ ಗೊತ್ತಿತ್ರಿ ಮಾಮಾ. ನೀವು ಕಾರು ಹತ್ತಿದ ಕೂಡ್ಲೇ ಆಯಿ ಅಂದ್ಳು: ಆ ಪೇಪರಿನ ಮನಶ್ಯಾ ಚಹಾದಾಗ ಇನ್ನೆರಡು ಚಮಚ ಸಕ್ಕರಿ ಹಾಕಿಸ್ಕೊಂಡು ಕುಡದಾನ, ಬಿಸ್ಕಿಟ್ ಕಂಡ ಮ್ಯಾಲ ಶುಗರ್ ಬಂದದ. ಪಾಪ, ಹುಡುಗಿ ಅವನ್ನ ಉಳಿಸ್ಯಾಳ ಅಂತ."

"ಮತ್ತ ಯಾಕ ಕೇಳಲಿಲ್ಲ ನನ್ನ?"

"ತಾನೇ ಹೇಳ್ತಾನೇನು ನೋಡೂಣು ಅಂದಿದ್ಳು. ಕಾಯ್ತಾ ಕಾಯ್ತಾ ಹೋಗೇಬಿಟ್ಳು."

ಫೋನಿಟ್ಟು ಡಬ್ಬಿಯಿಂದ ಆ ಬೋಳುತಲೆಯನ್ನೇ ಎತ್ತಿಕೊಂಡೆ. ಸುಣ್ಣದಷ್ಟು ಗಟ್ಟಿ, ತಲೆ ಸಿಡಿಯುವಷ್ಟು ಸಿಹಿ, ವೆನಿಲ್ಲಾ ಅತಿ. ಮೂರೂ ಕೂದಲು ಬಿಡದೆ ಪೂರ್ತಿ ತಿಂದೆ.