ಅದೊಂದು ಮಾತು ಬಿಟ್ಟು

ಪುಟ್ಟೇನಹಳ್ಳಿಯ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗಿರುವ ಮುನಿಗಂಗಮ್ಮನ ಮುಖ ನಿಮಗೆ ಗೊತ್ತಿರಲಾರದು. ದನಿ ಮಾತ್ರ ಕೇಳಿರುತ್ತೀರಿ, ಕೇಳಿದ್ದೇವೆಂದು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ. ಒಬ್ಬನಿಗೆ ಇಬ್ಬರು ಹೆಂಡಿರು, ಒಬ್ಬಳಿಗೆ ಇಬ್ಬರು ಪ್ರಿಯಕರರು ಎಂದು ಪೋಸ್ಟರ್ ಹಾಕಿ ಸಣ್ಣ ಬಜೆಟ್ಟಿನಲ್ಲಿ ತೆಗೆಯುವ ಹಾಸ್ಯ ಚಿತ್ರಗಳಿವೆಯಲ್ಲ, ಅವುಗಳಲ್ಲಿ ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವವಳು ಇವಳು. ಆ ಚಿತ್ರಗಳ ನ್ಯಾಯ ಒಂದೇ. ಗಂಡಸು ಕೆಸರು ಕಂಡಲ್ಲಿ ತುಳಿದು ನೀರು ಕಂಡಲ್ಲಿ ತೊಳೆದುಕೊಂಡರೆ ಶಿಳ್ಳೆ. ಹೆಂಗಸು ಗೆರೆ ದಾಟಿದರೆ ಕೊನೆಯಲ್ಲಿ ಅವಳಿಗೊಂದು ಕಪಾಳಮೋಕ್ಷ, ಒಂದು ತಾಳಿ. ನನಗೆ ಮೈ ಉರಿಯುತ್ತಿತ್ತು. ಮುನಿಗಂಗಮ್ಮ ಮಾತ್ರ "ಒಟ್ಟೆಪಾಡು ಕಣಕ್ಕ" ಎಂದುಬಿಡುತ್ತಿದ್ದಳು.

ಅವಳ ಜೊತೆಗಿದ್ದವಳು ಜಹೀರಾ, ಬ್ಲೌಸ್ ಹೊಲಿಯುವವಳು. ಮುನಿಗಂಗಮ್ಮ ಶೆಟ್ಟಿಹಳ್ಳಿಯಲ್ಲಿ ಗಂಡನನ್ನು ಬಿಟ್ಟು ಬಂದವಳು, ಜಹೀರಾ ಮದುವೆಯೇ ಬೇಡವೆಂದು ಆರ್.ಟಿ. ನಗರದ ಅಣ್ಣ ಜಾಫರನ ಮನೆಯಿಂದ ಹೊರಬಿದ್ದವಳು. ಇಬ್ಬರಿಗೂ ಹೇಗೆ ಕೂಡಿತೋ, ನಾನು ಕೇಳಿಲ್ಲ. ಬೀದಿಯವರ ಬಾಯಲ್ಲಿ ಅವರು ಅಕ್ಕತಂಗಿ. ಒಬ್ಬಳು ಮುನೇಶ್ವರನಿಗೆ ಕೈಮುಗಿಯುವವಳು, ಇನ್ನೊಬ್ಬಳು ನಮಾಜು ಮಾಡುವವಳು, ಅದೆಂಥ ಅಕ್ಕತಂಗಿಯರೋ! ಅವರು ದಂಪತಿಗಳ ಹಾಗೆ ಬಾಳುತ್ತಿದ್ದುದು ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು. ಬಾಡಿಗೆ ಕರಾರಿನಲ್ಲಿ ಬರೆಯುವ ವಿಷಯವೇನೂ ಅದಲ್ಲವಲ್ಲ.

ಡಬ್ಬಿಂಗಿಗೆ ಮುಂಚೆ ಮನೆಯಲ್ಲೇ ಅಭ್ಯಾಸ ನಡೆಯುತ್ತಿತ್ತು. ಜಹೀರಾ ಮಿಷನ್ ನಿಲ್ಲಿಸಿ, ಸರ್ಕಾರಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಹೀರೋನ ಮಾತು ಓದುವಳು. ನಾಯಕಿಯ ಮಾತು ಮುನಿಗಂಗಮ್ಮನದು. ಎಂಥ ಪೋಲಿ ಮಾತು ಬಂದರೂ ಇಬ್ಬರೂ ಬೇಜಾರು ಮಾಡಿಕೊಂಡದ್ದಿಲ್ಲ.

ಹೋದ ವರ್ಷ ಡಬ್ಬಿಂಗಿಗೆ ಬಂದ ಚಿತ್ರ ಮಾತ್ರ ಒಟ್ಟಿಗೆ ಬಾಳುವ ಇಬ್ಬರು ಹೆಂಗಸರದು. ಮನೆ ಮಾಲೀಕನ ಮಗ, ಅವನೇ ಹೀರೋ, ಒಬ್ಬಳನ್ನು ಹೊಡೆದು 'ಸರಿ' ಮಾಡುತ್ತಾನೆ. ಅವರು ಅಭ್ಯಾಸ ಮಾಡುವಾಗ ನಾನು ಬ್ಲೌಸಿನ ಅಳತೆ ಕೊಡಲು ಅಲ್ಲಿಗೆ ಹೋಗಿದ್ದೆ. ಜಹೀರಾ ಅವನ ಮಾತು ಓದಿ ತಲೆ ಎತ್ತಿದಳು. ಮುನಿಗಂಗಮ್ಮ ರೂಢಿಯಂತೆ ದನಿ ನಡುಗಿಸಿ ತನ್ನ ಮಾತು ಅಂದೇಬಿಟ್ಟಳು: "ಅವಳ ಜೊತೆ ಇದ್ದದ್ದು ಬದುಕಲ್ಲ, ರೋಗ. ನೀನು ಹೊಡೆದ ಮೇಲೇ ನಾನು ಹೆಣ್ಣಾದೆ."

"ಎಷ್ಟ್ ಸಲೀಸಾಗಿ ಬಂತು ಗಂಗಾ ನಿನ್ ಬಾಯಲ್ಲಿ," ಎಂದಳು ಜಹೀರಾ.

"ಕೆಲ್ಸ ಕಣೇ ಅದು."

"ನನ್ ಮುಖ ನೋಡ್ಕೊಂಡೇ ಅಂದ್ಯಲ್ಲ. ಸ್ಟುಡಿಯೋಗ್ ಹೋಗಿ ಇದನ್ನ ಹೇಳಿದ್ರೆ ನಾನು ಈ ಮನೇಲಿ ಇರಲ್ಲ."

ಮರುದಿನ ಬೆಳಿಗ್ಗೆ ಮುನಿಗಂಗಮ್ಮ ಕೆಲಸಕ್ಕೆ ಹೊರಟದ್ದನ್ನು ನೋಡಿ ಜಹೀರಾ ಬ್ಯಾಗು ಹಿಡಿದು ಅಣ್ಣನ ಮನೆಗೆ ಹೋದಳು. ಮುನಿಗಂಗಮ್ಮ ಯಶವಂತಪುರದ ಸ್ಟುಡಿಯೋಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಇಡೀ ಚಿತ್ರಕ್ಕೆ ದನಿ ಕೊಟ್ಟು, ಆ ಮಾತು ಬಂದಾಗ ಹೆಡ್‌ಫೋನ್ ತೆಗೆದಿಟ್ಟಳಂತೆ.

"ಇದೊಂದು ನಾನ್ ಯೇಳಲ್ಲ ಸಾರ್."

"ಯಾಕಕ್ಕಾ? ಇದಕ್ಕಿಂತ ಪೋಲಿ ಡೈಲಾಗೆಲ್ಲ ಹೇಳಿದ್ದೀರ. ಕಾಮಿಡಿ ಕಣ್ರೀ ಇದು," ಎಂದು ನಿರ್ದೇಶಕ ಸುನೀಲ್ ನಕ್ಕನಂತೆ.

"ಅವಳೇನ್ ರೋಗನಾ ಸಾರ್?"

ಯಾರ ವಿಷಯ ಎಂದು ಅವನಿಗೆ ತಿಳಿಯಲಿಲ್ಲ. ಚಿತ್ರವನ್ನೆಲ್ಲ ಮತ್ತೆ ಡಬ್ ಮಾಡಿಸುವಷ್ಟು ದುಡ್ಡು ಅವರಲ್ಲಿ ಇರಲಿಲ್ಲ. ಆಫೀಸಿನಲ್ಲಿ ಫೋನ್ ಎತ್ತುವ ಮೋನಿಕಾ ಎಂಬ ಹುಡುಗಿಯನ್ನು ಕರೆದು ಅದೊಂದು ಮಾತು ಹೇಳಿಸಿದರು. ಮುನಿಗಂಗಮ್ಮನನ್ನು ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಳು ಫೋನ್ ಮಾಡಿ ಎಲ್ಲ ಹೇಳಿದರೂ ಜಹೀರಾ ನಂಬಲಿಲ್ಲ. "ಸಿನಿಮಾ ಬರ್ಲಿ, ಕೇಳ್ತೀನಿ," ಎಂದಳಂತೆ.

ಚಿತ್ರ ಟಿವಿಗೆ ಬಂದ ಭಾನುವಾರ ಜಹೀರಾ ಬ್ಯಾಗು ಸಮೇತ ಬಂದಳು. ಮೂವರೂ ನಮ್ಮ ಹಾಲ್‌ನಲ್ಲಿ ಕೂತು ನೋಡಿದೆವು. ಆ ಮಾತು ಬಂದಾಗ ನಾಯಕಿಯ ದನಿ ಇದ್ದಕ್ಕಿದ್ದಂತೆ ಕೀಚಲಾಯಿತು. ಮುನಿಗಂಗಮ್ಮನದಲ್ಲ ಎಂದು ಕಿವುಡರಿಗೂ ತಿಳಿಯುವಂತಿತ್ತು. ಮೇಲಿನ ಮನೆಗೆ ಮತ್ತೆ ಜೀವ ಬಂತು ಅಂದುಕೊಂಡೆ.

ಚಿತ್ರ ಮುಗಿದರೂ ಜಹೀರಾ ಏಳಲಿಲ್ಲ.

"ಆ ಮಾತು ನಿಂದಲ್ಲ, ನಿಜ. ಅದಕ್ ಮುಂಚೆ, ಆ ಹೀರೋ ಅವರಿಬ್ರನ್ನೂ ಆಡ್ಕೊಂಡಾಗೆಲ್ಲ ನಾಯಕಿ ಬಾಯಲ್ಲಿ ಕಿಸಿಕಿಸಿ ನಗ್ತಿದ್ದೋಳು ಯಾರು ಗಂಗಾ?"

ಮುನಿಗಂಗಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. "ನಾನೇ," ಎಂದಳು.

ಜಹೀರಾ ಬ್ಯಾಗು ಎತ್ತಿಕೊಂಡು ಹೊರಟಳು. ನನಗೆ ಅಳು ಬಂತು, ಸಿಟ್ಟೂ ಬಂತು. ಹೋಗಿ ತಡೆಯೇ ಎಂದು ಮುನಿಗಂಗಮ್ಮನ ಭುಜ ಹಿಡಿದು ದೂಡಿದೆ. ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ.

"ಏನಂತ ತಡೀಲಕ್ಕ? ಇಷ್ಟ್ ವರ್ಸ ಗೆರೆ ದಾಟಿದ್ ನಮ್ಮಂತೋರನ್ನ ನೋಡಿ ಊರೆಲ್ಲ ನಗ್ತಿತ್ತಲ್ಲ, ಆ ನಗೂಗೆ ದನಿ ಕೊಟ್ಟೋಳೇ ನಾನು."