ಎಡದಿಂದ ಹೊರಟ ಬಲನಾಳ

ನಮ್ಮ ಮೇಷ್ಟ್ರ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಕೆಟಲ್ಲಿನ ಹಬೆಗೆ ಬೆಂದು ಬೆಂದು ನುಣ್ಣಗಾಗಿದ್ದವು. ಹೃದಯದ ರಕ್ತನಾಳಗಳನ್ನು ಪರದೆಯ ಮೇಲೆ ನೋಡುವ ಆಂಜಿಯೋಗ್ರಾಂ ಕೋಣೆಯಲ್ಲಿ ಅವರು ಹಿರಿಯ ಟೆಕ್ನಿಷಿಯನ್. ತೊಡೆಯಿಂದ ಹೃದಯದವರೆಗೆ ತೂರಿಸುವ ಸಣ್ಣ ಕೊಳವೆಗೆ ಕಂಪನಿಯವರು ಕೊಟ್ಟ ಬಾಗು ಎಲ್ಲ ಹೃದಯಕ್ಕೂ ಒಗ್ಗುವುದಿಲ್ಲ. ಒಗ್ಗದಾಗ ಡಾಕ್ಟರು ಇವರತ್ತ ತಿರುಗುತ್ತಿದ್ದರು. ಇವರು ಇನ್ನೊಂದು ಕೊಳವೆಯ ತುದಿಯನ್ನು ಹಬೆಗೆ ಹಿಡಿದು, ಬೇಕಾದಂತೆ ಬಗ್ಗಿಸಿ ಕೊಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯದಿಂದ ಚೆನ್ನೈಗೆ ಬಂದು ಅವರ ಕೈಕೆಳಗೆ ಸೇರಿದೆ. ಕಿಟಕಿಯಿಲ್ಲದ ಕೋಣೆ, ಮೈಮೇಲೆ ಎಕ್ಸ್‌ರೇ ತಡೆಯುವ ಸೀಸದ ಏಪ್ರನ್. ಮೊದಲ ವಾರವೇ ಉಸಿರು ಕಟ್ಟಿತು.

"ಓಡೋಗ್ಬೇಕು ಅನ್ನಿಸ್ತಾ? ನಂಗೂ ಇಪ್ಪತ್ತು ವರ್ಸದಿಂದ ಹಂಗೇ ಅನ್ನಿಸ್ತಾ ಅದೆ ಕಣವ್ವ" ಎಂದರು ಮೇಷ್ಟ್ರು. ನಮ್ಮೂರ ಮಾತು ಕಿವಿಗೆ ಬಿತ್ತಲ್ಲ, ಉಳಿದುಬಿಟ್ಟೆ.

ಅವರದೊಂದು ನೋಟ್‌ಬುಕ್ಕಿತ್ತು. ಲಕ್ಷಣವಾಗಿ ಎರಡು ನಾಳ ಹೊರಡಬೇಕಾದ ಕಡೆ ಒಂದೇ ಹೊರಟದ್ದು, ತನ್ನ ಜಾಗ ಬಿಟ್ಟು ಬೇರೆಲ್ಲೋ ಹುಟ್ಟಿದ್ದು, ಹೀಗೆ ಕಂಡ ವಿಚಿತ್ರಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. "ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ. ಸಿಕ್ಕಿಲ್ಲ ಅಂತ್ಲೇ ಬರಿ" ಎಂದು ನನಗೆ ನೂರು ಸಲ ಹೇಳಿದ್ದಾರೆ.

ಕೆಲವು ವರ್ಷಗಳ ಮೇಲೆ, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆಂದು ಅವರೇ ಆ ಮೇಜಿನ ಮೇಲೆ ಮಲಗಬೇಕಾಯಿತು. ಹೃದಯದ ಬಲಭಾಗಕ್ಕೆ ರಕ್ತ ಕೊಡುವ ಬಲನಾಳ ಅದರ ಜಾಗದಲ್ಲಿ ಸಿಗಲಿಲ್ಲ. ಪೂರ್ತಿ ಮುಚ್ಚಿಹೋಗಿರಬೇಕು ಎಂದು ಡಾಕ್ಟರು ಕೈಬಿಡುವುದರಲ್ಲಿದ್ದರು. ಮೇಷ್ಟ್ರು ಅಲ್ಲಾಡದೆ, ಪರದೆಯನ್ನೇ ನೋಡುತ್ತಾ, "ಎಡಗಡೆ ಹುಡುಕ್ಸವ್ವ" ಎಂದರು. ನಾನು ಕೆಟಲ್ ಹಾಕಿದೆ. ಮೂರನೇ ಬಾಗಿಗೆ ಸಿಕ್ಕಿತು.

ಬಲನಾಳ ಎಡದಿಂದ ಹೊರಟಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಎರಡು ದೊಡ್ಡ ರಕ್ತನಾಳಗಳ ನಡುವಿನ ಸಂದಿನಲ್ಲಿ ಹಾದುಹೋಗಿತ್ತು. ಭಾರ ಹೊತ್ತು ಮೆಟ್ಟಿಲು ಹತ್ತಿದರೆ ಆ ಎರಡೂ ಉಬ್ಬಿ ಇದನ್ನು ಅಮುಕುತ್ತವೆ.

"ಅಡಕತ್ತರೀಗೆ ಸಿಕ್ಕ ಅಡ್ಕೆ ಕಣವ್ವ" ಎಂದು ನಕ್ಕರು. ಸ್ಟ್ರೆಚರ್ ಹೊರಗೆ ತಳ್ಳುವಾಗ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದರು. "ಮೆಟ್ಲು ಹತ್ಬಾರ್ದು, ಭಾರ ಎತ್ಬಾರ್ದು ಅಂತಾರೆ. ಅದೊಂದ ನಮ್ಮನೆಯವಳಿಗೆ ಹೇಳ್ಬ್ಯಾಡ. ಮೂರನೇ ಮಹಡೀಲಿ ಕೂಡಾಕ್ಬುಡ್ತಾಳೆ. ಈ ಕೋಣೇಲಿ ಇದ್ದುದ್ದೇ ಸಾಕಾಗ್ಯದೆ."

ಅವರ ಮನೆ ಪೆರಂಬೂರಿನಲ್ಲಿ; ಲಿಫ್ಟ್ ಇರಲಿಲ್ಲ. ಅಕ್ಕನಿಗೆ, ಅಂದರೆ ಅವರ ಹೆಂಡತಿಗೆ, ತರಕಾರಿಯವನ ಜೊತೆ ಆಡುವಷ್ಟು ತಮಿಳು ಮಾತ್ರ ಬರುತ್ತಿತ್ತು. ಡಾಕ್ಟರು ತಮಿಳಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಕನ್ನಡಕ್ಕೆ ತರಬೇಕಾದವಳು ನಾನು.

"ಹುಟ್ಟಿದಾಗ್ಲಿಂದ ಇರೋದಂತೆ ಅಕ್ಕ. ಮೂರು ವಾರ ಬಿಟ್ಟು ಆಪರೇಷನ್ ಮಾಡಿ ಸರಿ ಮಾಡ್ತಾರಂತೆ."

ಒಂದು ಮಾತು ನುಂಗಿಕೊಂಡೆ. ಗುರುಗಳು ಕೇಳಿದ ಒಂದೇ ಒಂದು ಉಪಕಾರ ಅಂದುಕೊಂಡೆ.

ಆ ಬೇಸಿಗೆ ನಲ್ಲಿಗಳೆಲ್ಲ ಒಣಗಿದ್ದವು. ಹತ್ತನೇ ದಿನ ಬೆಳಿಗ್ಗೆ ನೀರಿನ ಲಾರಿ ಬಂತು. ಸೊಂಟ ಹಿಡಿದುಕೊಂಡಿದ್ದ ಅಕ್ಕ, ಒಂದೇ ಒಂದು ಕೊಡ ತಂದುಕೊಡಿ ಎಂದರಂತೆ. ಆಗುವುದಿಲ್ಲ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಮೇಷ್ಟ್ರು ಇಳಿದು ಹೋದರು. ತುಂಬಿದ ಕೊಡ ಹೊತ್ತು ಎರಡನೇ ಮಹಡಿಯವರೆಗೆ ಬಂದಿದ್ದರು.

ಮೇಷ್ಟ್ರ ಹನ್ನೊಂದನೇ ದಿನದ ತಿಥಿಯಂದು ಅಕ್ಕ ಆ ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಹಾಕಿದರು. "ಭಾರ ಎತ್ಬಾರ್ದು ಅಂತ ಆ ಡಾಕ್ಟ್ರು ಒಂದ್ ಮಾತು ಹೇಳಿದ್ರೆ ನಾನು ಕಳಿಸ್ತಿದ್ನಾ, ನೀನೇ ಹೇಳವ್ವ" ಎಂದರು. ನಾನು ನೋಟ್‌ಬುಕ್ಕು ತೆರೆದೆ.

ಕೊನೆಯ ಪುಟದಲ್ಲಿ ಮೇಷ್ಟ್ರ ನಾಳವನ್ನು ನಾನೇ ಬರೆದೆ. ಅವರು ಕಲಿಸಿದ ಬಾಗಿನಿಂದ ಆಮೇಲೆ ಎಷ್ಟೋ ಜನರ ನಾಳ ಹುಡುಕಿ ಕೊಟ್ಟಿದ್ದೇನೆ. ರೋಗಿಯ ಮನೆಯವರು ಅತ್ತರೂ, ಬೈದರೂ, ಡಾಕ್ಟರ ಒಂದು ಮಾತನ್ನೂ ಬಿಡದೆ ಹೇಳುತ್ತೇನೆ.

ಆದರೆ ಪ್ರತಿ ಯುಗಾದಿಗೂ ಅಕ್ಕ ಊಟಕ್ಕೆ ಕರೆಯುತ್ತಾರೆ. ಮೂರು ಮಹಡಿ ಹತ್ತಿ ಹೋಗುತ್ತೇನೆ. ಆ ಡಾಕ್ಟರಿಗೆ ಶಾಪ ಹಾಕುತ್ತಲೇ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಬಡಿಸುತ್ತಾರೆ. ನಾನು ತಲೆ ತಗ್ಗಿಸಿಕೊಂಡು ತಿಂದು ಬರುತ್ತೇನೆ.